ಏಳನೇ ಕಂಬದ ಹತ್ತು ನಿಮಿಷ

ನಮ್ಮಕ್ಕನಿಗೆ ಬೀದಿಯವರು ಇಟ್ಟ ಹೆಸರು ರೇಡಿಯೋ. ಭಾವನಿಗೆ ಇಟ್ಟ ಹೆಸರು ಕೊಕ್ಕರೆ. ನನಗೂ ಒಂದು ಇಟ್ಟಿದ್ದಾರಂತೆ. ಎದುರಿಗೆ ಹೇಳುವ ಧೈರ್ಯ ಇದುವರೆಗೆ ಯಾರಿಗೂ ಬಂದಿಲ್ಲ. ಹೊಲಿಗೆ ಅಂಗಡಿಯವಳು ನಾನು, ಕೈಯಲ್ಲಿ ಸದಾ ಕತ್ತರಿ ಇರುತ್ತದೆ, ಅದಕ್ಕೂ ಇರಬಹುದು. ಈ ಕಥೆ ಅಕ್ಕನದು. ಅವಳೇ ಇದ್ದಿದ್ದರೆ ನನಗಿಂತ ಚೆನ್ನಾಗಿ, ಮೂರು ಪಟ್ಟು ಉದ್ದ ಮಾಡಿ ಹೇಳುತ್ತಿದ್ದಳು. ಅವಳಿಲ್ಲ, ಹಾಗಾಗಿ ನಾನು ಹೇಳಬೇಕಾಗಿದೆ.

ಅಕ್ಕನ ಉದ್ಯೋಗವೇ ಮಾತು. ಬಸ್ ನಿಲ್ದಾಣದ ವಿಚಾರಣೆ ಕಿಟಕಿಯಲ್ಲಿ ಮೂವತ್ತೊಂದು ವರ್ಷ ಕೂತಳು. ಗಾಜಿನಲ್ಲಿ ತಟ್ಟೆಯಗಲದ ಒಂದು ತೂತು, ಅದರ ಹಿಂದೆ ಇವಳ ಮುಖ. ಎಷ್ಟು ಗಂಟೆಗೆ ಬಸ್ಸು ಅಂತ ಕೇಳಿದವರಿಗೆ ಗಂಟೆ ಹೇಳಿ ಕಳಿಸಿದರೆ ಮುಗಿಯಿತಲ್ಲ? ಇವಳಿಗೆ ಮುಗಿಯುತ್ತಿರಲಿಲ್ಲ. ಯಾರ ಮನೆಗೆ ಹೋಗುತ್ತಿದ್ದೀರಿ, ಯಾಕೆ, ಹುಷಾರಿಲ್ಲದಿರುವುದು ಯಾರಿಗೆ, ಮಗುವಿಗೆ ಸ್ವೆಟರ್ ತಂದಿದ್ದೀರಾ, ಎಲ್ಲಾ ಬೇಕು. ಆಸ್ಪತ್ರೆಗೆ ಹೋಗುವವರಾದರೆ ಈ ಬಸ್ಸು ಬೇಡ, ಇದು ಕಂಡಕಂಡಲ್ಲಿ ನಿಲ್ಲುತ್ತೆ, ಹಿಂದೆ ಬರೋದು ಹತ್ತಿ ಅನ್ನುತ್ತಿದ್ದಳು. ಹಿಂದೆ ಸಾಲು ಹನುಮಂತನ ಬಾಲದಂತೆ ಬೆಳೆಯುತ್ತಿತ್ತು. ಗೊಣಗುತ್ತಿದ್ದರು ಜನ, ಆದರೆ ಪಕ್ಕದ ಕಿಟಕಿ ಖಾಲಿ ಇದ್ದರೂ ಅಲ್ಲಿಗೆ ಹೋಗುತ್ತಿರಲಿಲ್ಲ. ಸಂಜೆ ಮನೆಗೆ ಬಂದು ಆ ಇಡೀ ಸಾಲನ್ನು ಮತ್ತೆ ಒಬ್ಬೊಬ್ಬರಾಗಿ ನನ್ನ ಅಂಗಡಿಯ ಸ್ಟೂಲಿನ ಮೇಲೆ ಕೂತು ಒಪ್ಪಿಸುತ್ತಿದ್ದಳು.

ಭಾವ ಅದಕ್ಕೆ ತದ್ವಿರುದ್ಧ. ಊರಾಚೆಯ ಜೌಗಿನಲ್ಲಿ ಸರ್ಕಾರದ ಹಕ್ಕಿಧಾಮ ಇದೆ, ಅಲ್ಲಿನ ವ್ಯಾನಿನ ಡ್ರೈವರ್ ಅವರು. ನೀರಿನ ಮಧ್ಯೆ ಎತ್ತರಿಸಿದ ಮಣ್ಣಿನ ಏರಿ, ಏರಿಯ ಮೇಲೆ ಒಂದೇ ಗಾಡಿ ಹಿಡಿಸುವ ದಾರಿ, ಹನ್ನೊಂದು ಕಿಲೋಮೀಟರ್ ಸುತ್ತು ಹಾಕಿ ಹೊರಟಲ್ಲಿಗೇ ಬಂದು ಸೇರುತ್ತದೆ. ದಾರಿಯಲ್ಲಿ ಹತ್ತು ಕಂಬ, ಕಂಬಕ್ಕೊಂದು ನಂಬರು. ಚಳಿಗಾಲದಲ್ಲಿ ಎಲ್ಲೆಲ್ಲಿಂದಲೋ ಹಕ್ಕಿಗಳು ಬರುತ್ತವೆ, ಅವನ್ನು ನೋಡಲು ಎಲ್ಲೆಲ್ಲಿಂದಲೋ ಜನ. ಗಾಡಿಯಲ್ಲಿ ಕೂತೇ ನೋಡಬೇಕು, ಇಳಿಯುವ ಹಾಗಿಲ್ಲ. ಹಕ್ಕಿಗೆ ಗಾಡಿಯ ಭಯವಿಲ್ಲವಂತೆ, ಅದೇನೋ ದೊಡ್ಡ ದನ ಅಂದುಕೊಳ್ಳುತ್ತವಂತೆ. ಎರಡು ಕಾಲಿನದು ಕೆಳಗಿಳಿಯಿತೋ, ಕೆರೆಗೆ ಕೆರೆಯೇ ಖಾಲಿ.

ಇಳಿಯದಿದ್ದರೆ ಮಾತ್ರ ಸಾಲದು. ಗಾಡಿ ಬಂದು ನಿಂತಾಗ ಹತ್ತಿರದ ಹಕ್ಕಿಗಳು ದೂರ ಸರಿಯುತ್ತವೆ. ಎಂಜಿನ್ ಆರಿಸಿ, ಕಿಟಕಿ ಇಳಿಸಿ, ತುಟಿ ಪಿಟಿಕ್ಕೆನ್ನದೆ ಹತ್ತು ನಿಮಿಷ ಕೂತರೆ ಒಂದೊಂದಾಗಿ ವಾಪಸ್ ಬರುತ್ತವೆ. ಒಂಬತ್ತನೇ ನಿಮಿಷಕ್ಕೆ ಯಾರಾದರೂ ಬಾಯಿ ತೆಗೆದರೆ ಮತ್ತೆ ಮೊದಲಿಂದ. ಭಾವ ಪ್ರತಿ ಕಂಬದಲ್ಲೂ ಎಂಜಿನ್ ಆರಿಸಿ ಎಡಗೈ ಎತ್ತಿ ಅಂಗೈ ತೋರಿಸುತ್ತಿದ್ದರು. ಅಂಗೈ ಇಳಿಯುವವರೆಗೆ ವ್ಯಾನಿನಲ್ಲಿ ಸೂಜಿ ಬಿದ್ದರೂ ಕೇಳಬೇಕು. ಮನೆಯಲ್ಲೂ ಅದೇ ಅಭ್ಯಾಸ. ಅಕ್ಕ ಎದುರಿಗೆ ಕೂತು ಮಾತಿನ ಮಳೆ ಸುರಿಸುತ್ತಿದ್ದರೆ ಊಟದ ನಡುವೆ ಆ ಎಡಗೈ ಎದ್ದುಬಿಡುತ್ತಿತ್ತು. ನನಗೆ ಮೈಯೆಲ್ಲ ಉರಿಯುತ್ತಿತ್ತು, ಅಕ್ಕ ನಗುತ್ತಿದ್ದಳು. ನೋಡೇ, ನಾನೀಗ ಕಂಬ ನಂಬರ್ ಎಷ್ಟು ಅನ್ನುತ್ತಿದ್ದಳು.

ಮದುವೆಯಾದ ಮೊದಲ ಚಳಿಗಾಲ ಭಾವ ಅವಳನ್ನು ಒಂದು ಸಲ ಕರೆದುಕೊಂಡು ಹೋಗಿದ್ದರು. ಮೂರನೇ ಕಂಬದಲ್ಲಿ ಬಾತುಗಳು ನೀರಿನ ಮೇಲೆ ಹಾಸಿದ ಹಾಗೆ ಕೂತಿದ್ದವು. ಹಿಂದಿನ ಸೀಟಿನಲ್ಲಿ ಒಬ್ಬ ಸಂಶೋಧಕ ನಾಲ್ಕು ದಿನದಿಂದ ಅವನ್ನು ಎಣಿಸುತ್ತಿದ್ದನಂತೆ. ಅಕ್ಕ ಕಿಟಕಿಯಿಂದ ಕೈ ಹೊರಗೆ ಚಾಚಿ, ಅಯ್ಯಯ್ಯೋ ಎಷ್ಟೊಂದ್ರೀ ಅಂತ ಕೂಗಿದಳು. ಅಷ್ಟೇ, ಒಂದೂ ಉಳಿಯಲಿಲ್ಲ. ಹಕ್ಕಿಧಾಮದ ಸಾಹೇಬರು ಭಾವನನ್ನು ಎಲ್ಲರೆದುರು ನಿಲ್ಲಿಸಿ ಬೈದರು. ಅವತ್ತಿನಿಂದ ಇಪ್ಪತ್ತೇಳು ವರ್ಷ ಆ ಮನುಷ್ಯ ಹೆಂಡತಿಯನ್ನು ವ್ಯಾನ್ ಹತ್ತಿಸಲಿಲ್ಲ. ಪ್ರತಿ ಚಳಿಗಾಲವೂ ಅವಳು ಕೇಳುತ್ತಿದ್ದಳು, ಪ್ರತಿ ಚಳಿಗಾಲವೂ ಅವರು ಮುಂದಿನ ವರ್ಷ ನೋಡೋಣ ಅನ್ನುತ್ತಿದ್ದರು. ಊರೂರಿನ ಜನರನ್ನೆಲ್ಲ ಸುತ್ತಿಸುವವರಿಗೆ ಕಟ್ಟಿಕೊಂಡವಳು ಭಾರವಾದಳಾ ಅಂತ ನಾನು ಎಷ್ಟು ಸಲ ಜಗಳ ಆಡಿದ್ದೇನೋ ಲೆಕ್ಕವಿಲ್ಲ. ಅಕ್ಕನೇ ನನ್ನ ಬಾಯಿ ಮುಚ್ಚಿಸುತ್ತಿದ್ದಳು. ಅವರ ತಪ್ಪೇನಿಲ್ಲ ಕಣೇ, ನನ್ನ ಬಾಯಿಗೆ ಬಾಗಿಲಿದೆ, ಅಗುಳಿ ಇಲ್ಲ ಅನ್ನುತ್ತಿದ್ದಳು.

ಅವಳು ಕೆಲಸದಿಂದ ನಿವೃತ್ತಳಾದಳು. ಕಿಟಕಿ ಹೋಯಿತು, ಸಾಲು ಹೋಯಿತು. ಬೆಳಗಿಂದ ಸಂಜೆತನಕ ಮಾತಾಡಲು ನಾನೊಬ್ಬಳು, ನನ್ನ ಎರಡು ಹೊಲಿಗೆ ಯಂತ್ರ. ಒಂದು ದಿನ ಭಾವನ ಎದುರು ಕೂತು ಹಟ ಹಿಡಿದಳು. ಇನ್ನೆಷ್ಟು ಚಳಿಗಾಲ ಇದೆಯೋ ನಂಗೆ, ನೀವು ಇಪ್ಪತ್ತೇಳು ವರ್ಷದಿಂದ ನೋಡ್ತಿರೋದನ್ನ ನಾನೂ ಒಂದ್ಸಲ ನೋಡ್ಬೇಕು ಅಂದಳು. ಭಾವ ಬಹಳ ಹೊತ್ತು ಯೋಚಿಸಿ, ಹತ್ತು ನಿಮಿಷ ಸುಮ್ಮನಿರೋಕಾಗುತ್ತಾ ಅಂತ ಕೇಳಿದರು. ಆಗುತ್ತೆ ಅಂದಳು. ಆ ಧೈರ್ಯಕ್ಕೇ ಒಂದು ಪದಕ ಕೊಡಬೇಕಿತ್ತು.

ಅಭ್ಯಾಸ ನನ್ನ ಅಂಗಡಿಯಲ್ಲಿ. ಗೋಡೆ ಗಡಿಯಾರದ ಎದುರು ಸ್ಟೂಲ್ ಹಾಕಿ ಕೂರಿಸಿದೆ. ಮೊದಲ ದಿನ ಎರಡೇ ನಿಮಿಷಕ್ಕೆ, ಆ ಪರದೆ ಬಟ್ಟೆ ಯಾರದ್ದೇ ಅಂದಳು. ಎರಡನೇ ದಿನ ನಾಲ್ಕು ನಿಮಿಷ ಹಲ್ಲು ಕಚ್ಚಿ ಕೂತು, ಒಲೆ ಮೇಲೆ ಹಾಲಿಟ್ಟು ಬಂದಿದ್ದೀನಿ ಅಂತ ಎದ್ದು ಓಡಿದಳು. ಹಾಲೂ ಇರಲಿಲ್ಲ, ಒಲೆಯೂ ಹೊತ್ತಿರಲಿಲ್ಲ. ಮೂರು ವಾರಕ್ಕೆ ಹತ್ತು ನಿಮಿಷ ಗೆದ್ದಳು. ಗೆದ್ದ ಖುಷಿಗೆ ಮುಂದಿನ ಮುಕ್ಕಾಲು ಗಂಟೆ ನಿಲ್ಲಿಸದೆ ಮಾತಾಡಿದಳು. ಆಮೇಲೆ ನನ್ನ ಕೈ ಹಿಡಿದು ಒಂದು ಒಪ್ಪಂದ ಮಾಡಿಕೊಂಡಳು.

"ನನ್ನ ಬಾಯಿ ಮೇಲೆ ನಂಗೇ ನಂಬಿಕೆ ಇಲ್ಲ ಕಣೇ. ನೀನೂ ಬಾ. ನಾನು ಬಾಯಿ ತೆಗೆದ ತಕ್ಷಣ ತುಟಿ ಮೇಲೆ ಬೆರಳಿಟ್ಟು ತೋರ್ಸು. ಈ ಸಲ ಕೆಡಿಸಿದ್ರೆ ಅವರು ಇನ್ಯಾವತ್ತೂ ಕರ್ಕೊಂಡು ಹೋಗಲ್ಲ."

ಹಕ್ಕಿಧಾಮಕ್ಕೆ ಮಂಗಳವಾರ ರಜೆ. ಸಿಬ್ಬಂದಿಯ ಮನೆಯವರು ಅವತ್ತು ಕೇಳಿಕೊಂಡು ಹೋಗಬಹುದು. ಬಣ್ಣದ ಬಟ್ಟೆ ಬೇಡ ಅಂತ ಭಾವನ ಅಪ್ಪಣೆಯಾಗಿತ್ತು, ಅದಕ್ಕೇ ಅಕ್ಕನಿಗೆ ಒಣಹುಲ್ಲಿನ ಬಣ್ಣದ ಒಂದು ಕೋಟು ಹೊಲಿದು ಕೊಟ್ಟಿದ್ದೆ. ಡ್ರೈವರ್ ಪಕ್ಕದ ಸೀಟಿನಲ್ಲಿ ದುರ್ಬೀನಿನ ಪೆಟ್ಟಿಗೆ ಇತ್ತು. ಭಾವನ ಹಿಂದಿನ ಸೀಟಿನಲ್ಲಿ ಅಕ್ಕ, ಅವಳ ಹಿಂದೆ ನಾನು. ಬೆಳಗಿನ ಏಳೂವರೆ ಗಂಟೆ, ಮೂಗಿನ ತುದಿ ಮರಗಟ್ಟುವ ಚಳಿ. ಅಕ್ಕ ಕೈವಸ್ತ್ರ ಮಡಿಸಿ ಬಾಯಿಗೆ ಒತ್ತಿ ಹಿಡಿದುಕೊಂಡಿದ್ದಳು. ಅದನ್ನು ಕಂಡು ಭಾವನೂ ನಕ್ಕರು.

ಮೊದಲ ಆರು ಕಂಬ ಅವಳು ಗೆದ್ದಳು. ಮೂರನೇ ಕಂಬದಲ್ಲಿ, ಹಿಂದೆ ಮಾನ ಹೋಗಿದ್ದ ಜಾಗದಲ್ಲಿ, ಬಾತುಗಳು ವ್ಯಾನಿನ ಚಕ್ರದ ಹತ್ತಿರದವರೆಗೂ ಈಜಿಕೊಂಡು ಬಂದವು. ಅವಳು ಕೈವಸ್ತ್ರದ ಹಿಂದಿನಿಂದ ನನ್ನತ್ತ ತಿರುಗಿ ಕಣ್ಣರಳಿಸಿದಳು, ಅಷ್ಟೇ. ಐದನೆಯದರಲ್ಲಿ ಒಂದು ಮಿಂಚುಳ್ಳಿ ನೀರಿಗೆ ಬಿದ್ದು ಮೀನು ಹಿಡಿಯಿತು. ಕಂಬದಿಂದ ಕಂಬಕ್ಕೆ ಗಾಡಿ ಹೋಗುವಾಗ ಮಾತಾಡಬಹುದಿತ್ತು, ಆಗಲೂ ಅವಳು ಜಾಸ್ತಿ ಮಾತಾಡಲಿಲ್ಲ. ಆರನೆಯದನ್ನು ಬಿಟ್ಟ ಮೇಲೆ ಒಂದು ಸಲ ಭುಜ ಉಜ್ಜಿಕೊಂಡಳು. ಚಳಿಗೆ ಅಂದುಕೊಂಡೆ.

ಏಳನೇ ಕಂಬ ಭಾವನ ಹೆಮ್ಮೆ. ಹೊಲಗಳಲ್ಲಿ ಮೇದ ಹೆಬ್ಬಾತುಗಳು ಒಂಬತ್ತು ಗಂಟೆಯ ಹೊತ್ತಿಗೆ ಅಲ್ಲಿನ ನೀರಿಗೆ ಇಳಿಯುತ್ತವೆ. ಅವು ಇಳಿಯುವ ಹೊತ್ತಿಗೆ ಸದ್ದಾದರೆ ಇಡೀ ಹಿಂಡು ತಲೆ ಮೇಲೆ ಒಂದು ಸುತ್ತು ಹಾಕಿ ಬೇರೆ ಕಡೆ ಹೋಗಿಬಿಡುತ್ತದೆ. ಭಾವ ಎಂಜಿನ್ ಆರಿಸಿದರು, ದುರ್ಬೀನು ಕಣ್ಣಿಗಿಟ್ಟುಕೊಂಡರು, ಎಡಗೈ ಎತ್ತಿದರು. ದೂರದಲ್ಲಿ ಹಕ್ಕಿಗಳ ಮೊದಲ ಸಾಲು ಕಾಣಿಸಿತು.

ಆಗ ಅಕ್ಕ ಹಿಂದಕ್ಕೆ ತಿರುಗಿದಳು. ಕೈವಸ್ತ್ರ ಮಡಿಲಲ್ಲಿ ಬಿದ್ದಿತ್ತು. ಹಣೆ ಮೇಲೆ ಬೆವರಿತ್ತು. ಆ ಚಳಿಯಲ್ಲಿ ಬೆವರು! ಅದು ನನ್ನ ಕಣ್ಣಿಗೆ ಬಿತ್ತು, ತಲೆಗೆ ಹೋಗಲಿಲ್ಲ. ನನ್ನ ತಲೆಯಲ್ಲಿ ಇದ್ದದ್ದು ಒಂದೇ, ಈ ಮಹಾತಾಯಿ ಕೊನೇ ಗಳಿಗೆಯಲ್ಲಿ ಕೆಡಿಸುತ್ತಾಳೆ.

"ಲೇ, ನಂಗ್ಯಾಕೋ..." ಅಂದಳು, ಬರೀ ಉಸಿರಿನಲ್ಲಿ.

ನಾನು ತುಟಿ ಮೇಲೆ ಬೆರಳಿಟ್ಟೆ. ನಗುನಗುತ್ತಲೇ ಇಟ್ಟೆ. ಒಪ್ಪಂದವಾಗಿತ್ತಲ್ಲ. ಅವಳು ನನ್ನ ಮುಖ ನೋಡಿದಳು. ಬಾಯಿ ಮುಚ್ಚಿದಳು. ತಪ್ಪು ಮಾಡಿ ಸಿಕ್ಕಿಬಿದ್ದ ಮಗುವಿನ ಹಾಗೆ ತಲೆಯಾಡಿಸಿ ಕಿಟಕಿ ಕಡೆಗೆ ತಿರುಗಿಕೊಂಡಳು.

ಹೆಬ್ಬಾತುಗಳು ಇಳಿದವು. ಸಾಲು ಸಾಲಾಗಿ, ಕಾಲು ಮುಂದೆ ಚಾಚಿ, ನೀರನ್ನು ಉಳುತ್ತಾ ಇಳಿದವು. ನಾನು ಬಾಯಿ ಬಿಟ್ಟುಕೊಂಡು ನೋಡಿದೆ. ದೇವರಾಣೆ, ನನ್ನ ಜೀವನದಲ್ಲಿ ಅಷ್ಟು ಚಂದದ್ದು ಇನ್ನೊಂದು ನೋಡಿಲ್ಲ. ಹತ್ತು ನಿಮಿಷ ಆಯಿತು. ಭಾವ ಕೈ ಇಳಿಸಿದರು. ಪರೀಕ್ಷೆಯಲ್ಲಿ ಪಾಸಾದದ್ದು ಅವಳೋ ಇವರೋ ಅನ್ನುವ ಹಾಗೆ ಮುಖವೆಲ್ಲ ನಗು ತುಂಬಿಕೊಂಡು ಹಿಂದಕ್ಕೆ ತಿರುಗಿದರು.

"ಭೇಷ್. ಈಗ ಮಾತಾಡು," ಅಂದರು.

ಅಕ್ಕನ ಹಣೆ ಕಿಟಕಿಯ ಚೌಕಟ್ಟಿಗೆ ಒರಗಿತ್ತು. ಅವಳು ಮಾತಾಡಲಿಲ್ಲ.

ಇಪ್ಪತ್ತೇಳು ವರ್ಷ ಆ ಏರಿಯ ಮೇಲೆ ಕಾಲಿಡದ ಮನುಷ್ಯ ಕೆಳಕ್ಕೆ ಹಾರಿದರು. ಈ ಕಡೆಯ ಬಾಗಿಲು ತೆಗೆದು ಅವಳನ್ನು ತೆಕ್ಕೆಗೆ ತೆಗೆದುಕೊಂಡು, ರೀ ಅನ್ನೇ, ಒಂದ್ಸಲ ರೀ ಅನ್ನೇ ಅಂತ ಕೂಗಿದರು. ಸಾವಿರಾರು ಹಕ್ಕಿ ಒಟ್ಟಿಗೆ ಎದ್ದ ಸದ್ದಿಗೆ ಅವರ ಕೂಗೂ ಕೇಳಿಸದಂತಾಯಿತು. ಆಮೇಲೆ ಹಾರ್ನ್ ಒತ್ತಿ ಹಿಡಿದು ಉಳಿದ ದಾರಿಯನ್ನು ಹೇಗೆ ಓಡಿಸಿದರೋ ಅವರಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ.

ಆಸ್ಪತ್ರೆಯಲ್ಲಿ ಡಾಕ್ಟರು ಮುಗಿದಿದೆ ಅಂದರು. ಹೃದಯ ಅಂದರು. ನೋವು ಯಾವಾಗ ಶುರುವಾಯಿತು, ಏನಾದರೂ ಹೇಳಿಕೊಂಡರಾ ಅಂತ ಕೇಳಿದರು. ಭಾವ ನನ್ನ ಮುಖ ನೋಡಿದರು. ಅವರಿಗೆ ಗೊತ್ತಿರಲಿಲ್ಲ, ಅವರ ಕಣ್ಣು ದುರ್ಬೀನಿನಲ್ಲಿತ್ತು.

"ಇಲ್ಲ. ಏನೂ ಅನ್ನಲಿಲ್ಲ," ಅಂದೆ ನಾನು.

ಬಾಯಿಂದ ಅದು ಹೇಗೆ ಬಂತೋ! ಬೇಗ ತಂದಿದ್ದರೆ ಉಳಿಯುತ್ತಿದ್ದಳಾ ಅಂತ ಭಾವ ಕೇಳಿದರು. ಹೇಳೋಕಾಗಲ್ಲ ಅಂದರು ಡಾಕ್ಟರು. ಆ ಒಂದು ಮಾತು ಇಟ್ಟುಕೊಂಡು ನಾನು ವರ್ಷ ಕಳೆದೆ. ಹೇಳೋಕಾಗಲ್ಲ ಅಂದರೆ ಉಳಿಯುತ್ತಿರಲಿಲ್ಲ ಅಂತಲೂ ಆಗುತ್ತದೆ, ಉಳಿಯುತ್ತಿದ್ದಳು ಅಂತಲೂ ಆಗುತ್ತದೆ.

ಇನ್ನು ನಾನು ಮಾಡಿದ ದೊಡ್ಡ ಪಾಪ ಕೇಳಿ. ಮನೆಯಲ್ಲಿ ಜನ ತುಂಬಿದ್ದರು. ಭಾವ ಮೂಲೆಯಲ್ಲಿ ಗೋಡೆಗೆ ಒರಗಿ ಕೂತಿದ್ದರು. ನಾನು ಎಲ್ಲರೆದುರು ಹೋಗಿ ನಿಂತೆ. ಸುಮ್ಮನಿರು ಸುಮ್ಮನಿರು ಅಂತ ಇಪ್ಪತ್ತೇಳು ವರ್ಷ ಕೈ ತೋರಿಸಿದಿರಲ್ಲ, ಈಗ ಸುಮ್ಮನಾದಳು, ತಣ್ಣಗಾಯಿತಾ ನಿಮ್ಮ ಹೊಟ್ಟೆ ಅಂತ ಕೇಳಿಬಿಟ್ಟೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ಅವನಿಗಿಂತ ಜಾಣೆ, ಕುಂಬಳಕಾಯಿಯನ್ನೇ ಎತ್ತಿ ಇನ್ನೊಬ್ಬರ ಹೆಗಲ ಮೇಲಿಟ್ಟೆ. ಮಾರನೇ ದಿನದಿಂದ ಬೀದಿಯಲ್ಲಿ ಎಲ್ಲರ ಬಾಯಲ್ಲೂ ನನ್ನ ಮಾತೇ.

ಭಾವ ಕೆಲಸಕ್ಕೆ ವಾಪಸ್ ಹೋದರು. ಎಡಗೈ ಎತ್ತುವುದನ್ನು ಬಿಟ್ಟರು. ಬದಲಿಗೆ ಪ್ರತಿ ಕಂಬದಲ್ಲೂ ಹಿಂದಕ್ಕೆ ತಿರುಗಿ, ಎಲ್ಲರೂ ಆರಾಮಾಗಿದ್ದೀರಾ, ಯಾರಿಗಾದರೂ ಏನಾದರೂ ಆಗುತ್ತಿದೆಯಾ, ಜೋರಾಗಿ ಹೇಳಿ, ಹಕ್ಕಿ ಹೋದರೆ ಹೋಗಲಿ ಅನ್ನುತ್ತಿದ್ದರು. ವಯಸ್ಸಾದವರಿದ್ದರೆ ಎರಡೆರಡು ಸಲ ಎಬ್ಬಿಸಿ ಕೇಳುತ್ತಿದ್ದರು. ದೂರದಿಂದ ಬಂದವರು ಒಂದು ಹಕ್ಕಿಯನ್ನೂ ಕಾಣದೆ ಹೋಗಿ ಸಾಹೇಬರಿಗೆ ದೂರು ಕೊಟ್ಟರು. ಸಾಹೇಬರು ಎರಡು ಸಲ ಹೇಳಿ ನೋಡಿ, ಕೊನೆಗೆ ವ್ಯಾನಿನ ಕೀಲಿ ತೆಗೆದುಕೊಂಡು ಅವರನ್ನು ಗೇಟಿನಲ್ಲಿ ಚೀಟಿ ಹರಿಯಲು ಕೂರಿಸಿದರು.

ಭಾನುವಾರ ಮಧ್ಯಾಹ್ನದ ಊಟಕ್ಕೆ ಮಾತ್ರ ನನ್ನ ಮನೆಗೆ ಬರುತ್ತಿದ್ದರು. ಅಷ್ಟು ಅಂದವಳ ಮನೆಗೆ ಯಾಕೆ ಬರುತ್ತಿದ್ದರು ಅಂದರೆ, ಅಕ್ಕನ ಹತ್ತಿರ ಕೊನೆಗೆ ಇದ್ದವಳು ನಾನು. ಊಟ ಮುಗಿಸಿ, ಕೈ ತೊಳೆದು, ಬಾಗಿಲ ಹತ್ತಿರ ಚಪ್ಪಲಿ ಮೆಟ್ಟುವಾಗ ಪ್ರತಿ ವಾರ ಅದೇ ಪ್ರಶ್ನೆ: ಅವಳು ಏನೂ ಅನ್ನಲಿಲ್ವಾ? ಪ್ರತಿ ವಾರ ಅದೇ ಉತ್ತರ: ಇಲ್ಲ ಭಾವ. ಬಾಯಲ್ಲಿ ಬಿಸಿ ತುಪ್ಪ. ಉಗುಳಲಾರೆ, ನುಂಗಲಾರೆ.

ಒಂದು ಭಾನುವಾರ ಅವರು ಪ್ರಶ್ನೆಯ ಜೊತೆ ಇನ್ನಷ್ಟು ಮಾತು ಸೇರಿಸಿದರು. ತಟ್ಟೆಯಲ್ಲಿ ಅನ್ನ ಹಾಗೇ ಇತ್ತು.

"ಅವಳು ಯಾರ ಮುಂದೇನೂ ಬಾಯಿ ಮುಚ್ಕೊಂಡು ಕೂತೋಳಲ್ಲ. ಜೀವ ಹೋಗ್ತಿರೋವಾಗ್ಲೂ ಒಂದು ಮಾತು ಅನ್ನಲಿಲ್ಲ ಅಂದ್ರೆ, ನನ್ನ ಕಂಡ್ರೆ ಎಷ್ಟು ಹೆದರಿಕೆ ಇದ್ದಿರ್ಬೇಕು ಅವಳಿಗೆ. ನಾನು ಅಂಥವನು ಅಂತ ನಂಗೇ ಗೊತ್ತಿರ್ಲಿಲ್ಲ ಕಣಮ್ಮ."

ಕೆಲಸ ಬಿಡುತ್ತೇನೆ ಅಂತ ಪತ್ರ ಕೊಟ್ಟಿದ್ದಾರಂತೆ. ಹೋಗುವ ಮುಂಚೆ ಒಂದು ಸಲ ಏಳನೇ ಕಂಬಕ್ಕೆ ಹೋಗಬೇಕು, ಸಾಹೇಬರು ಮಂಗಳವಾರ ವ್ಯಾನ್ ಕೊಡುತ್ತಾರೆ, ನೀನು ಬರ್ತೀಯಾ ಅಂತ ಕೇಳಿದರು. ಬರ್ತೀನಿ ಅಂದೆ. ಮಂಗಳವಾರದವರೆಗೆ ಒಂದು ಹೊಲಿಗೆಯೂ ನೆಟ್ಟಗೆ ಬೀಳಲಿಲ್ಲ. ಒಂದೇ ಅಂಗಿಗೆ ಎರಡು ಎಡತೋಳು ಇಟ್ಟು ಹೊಲಿದಿದ್ದೆ. ನನ್ನ ಅಕ್ಕ ಗಂಡನಿಗೆ ಹೆದರಿ ಸತ್ತವಳಲ್ಲ. ಅದು ಗೊತ್ತಿರುವವಳು ಈ ಲೋಕದಲ್ಲಿ ನಾನೊಬ್ಬಳೇ. ಹೇಳಿದರೆ ನನಗೆ ಉಳಿದಿರುವ ಒಬ್ಬನೇ ಒಬ್ಬ ನೆಂಟನೂ ಹೋಗುತ್ತಾನೆ.

ಅಕ್ಕ ಕೂತಿದ್ದ ಸೀಟಿನಲ್ಲಿ ಕೂರಲು ನನ್ನಿಂದ ಆಗಲಿಲ್ಲ. ಅದರ ಹಿಂದೆ, ನನ್ನ ಹಳೇ ಜಾಗದಲ್ಲೇ ಕೂತೆ. ಭಾವ ಎಲ್ಲೂ ನಿಲ್ಲಿಸದೆ ಏಳನೇ ಕಂಬಕ್ಕೆ ಬಂದು ಎಂಜಿನ್ ಆರಿಸಿದರು. ದುರ್ಬೀನು ತಂದಿರಲಿಲ್ಲ. ಎರಡು ಕೈಯೂ ಸ್ಟೀರಿಂಗ್ ಮೇಲಿತ್ತು. ಸ್ವಲ್ಪ ಹೊತ್ತಿಗೆ ಹೆಬ್ಬಾತುಗಳು ಬಂದು ಇಳಿದವು. ಹೋದ ವರ್ಷದ ಹಾಗೆಯೇ ಇಳಿದವು, ಅವಕ್ಕೇನು.

ಭಾವ ಹಿಂದಕ್ಕೆ ತಿರುಗದೆ ಕೇಳಿದರು. ಏನೂ ಅನ್ನಲಿಲ್ವಾ?

"ಅಂದ್ಲು ಭಾವ," ಅಂದೆ.

ಆಮೇಲೆ ಎಲ್ಲಾ ಹೇಳಿದೆ. ಹಿಂದಕ್ಕೆ ತಿರುಗಿದ್ದು, ಬೆವರು ಕಂಡದ್ದು, ಬೆರಳಿಟ್ಟಿದ್ದು, ನಕ್ಕಿದ್ದು, ಡಾಕ್ಟರ ಹತ್ತಿರ ಸುಳ್ಳು ಹೇಳಿದ್ದು. ಹೆದರಿಕೆಗೆ ಅಲ್ಲ ಭಾವ, ಅವಳು ಬಾಯಿ ತೆಗೆದಳು, ಮುಚ್ಚಿಸಿದವಳು ನಾನು ಅಂದೆ. ಈಗ ಇಳಿ ಅನ್ನುತ್ತಾರೆ, ಇಳಿದು ಏರಿಯ ಮೇಲೆ ನಡೆದುಕೊಂಡು ಹೋಗುತ್ತೇನೆ ಅಂತ ಬಾಗಿಲ ಹಿಡಿಯ ಮೇಲೆ ಕೈಯಿಟ್ಟು ಕಾದೆ. ಅವರು ಇಳಿ ಅನ್ನಲಿಲ್ಲ. ಕ್ಷಮಿಸಿದರಾ ಇಲ್ಲವಾ ಅಂತ ನನಗೆ ಇವತ್ತಿಗೂ ಗೊತ್ತಿಲ್ಲ, ಕೇಳಲು ಮುಖವೂ ಇಲ್ಲ.

"ಏನಂದ್ಲು?" ಅಂದರು ಭಾವ.

"ಲೇ, ನಂಗ್ಯಾಕೋ, ಅಂದ್ಲು. ಅಷ್ಟೇ."

"ಹಾಗಲ್ಲ. ಅವಳು ಹೇಗಂದ್ಲು ಹಾಗೆ ಅನ್ನು."

ನನ್ನದೂ ಅವಳದೂ ಒಂದೇ ಗಂಟಲು. ಫೋನಿನಲ್ಲಿ ಭಾವನೇ ಎಷ್ಟೋ ಸಲ ಮೋಸ ಹೋಗಿದ್ದಾರೆ. ನಾನು ಮುಂದಿನ ಖಾಲಿ ಸೀಟಿನ ಮೇಲೆ ಕೈಯೂರಿ ಬಗ್ಗಿ, ಅವಳು ಅಂದ ಹಾಗೆ, ಉಸಿರಿನಲ್ಲಿ ಅಂದೆ.

"ಲೇ, ನಂಗ್ಯಾಕೋ..."

ಭಾವ ಹಣೆಯನ್ನು ಸ್ಟೀರಿಂಗಿಗೆ ಒತ್ತಿಕೊಂಡರು.

"ಕೇಳಿಸ್ಲಿಲ್ಲ. ಜೋರಾಗಿ ಅನ್ನು," ಅಂದರು.

ಜೋರಾಗಿ ಅಂದೆ. ಹತ್ತಿರದಲ್ಲಿದ್ದ ಹೆಬ್ಬಾತುಗಳು ಬೆಚ್ಚಿ ಎದ್ದವು, ಅವುಗಳ ಹಿಂದೆ ಇಡೀ ಹಿಂಡು ಎದ್ದಿತು. ಅವರು ತಲೆ ಎತ್ತಿ ಅತ್ತ ನೋಡಲಿಲ್ಲ.

"ಇನ್ನೊಂದ್ಸಲ," ಅಂದರು.

ಇನ್ನೊಂದು ಸಲ ಅಂದೆ.